ಸಿಡ್ನಿಯ ಮಾರ್ಡಿ ಗ್ರಾ: ಬಂಧನದಿಂದ ಸೇತುವೆಯವರೆಗೆ

1978ರ ಜೂನ್ 24ರ ರಾತ್ರಿ. ಸಿಡ್ನಿಯ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಧ್ವನಿವರ್ಧಕ ಕಟ್ಟಿದ ಪುಟ್ಟ ಲಾರಿಯೊಂದು ಮುಂದೆ, ಕುಣಿಯುತ್ತಾ ಹೊರಟ ಸಲಿಂಗಿಗಳು ಹಿಂದೆ. ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಪ್ರತಿಭಟನೆಯ (1969) ನೆನಪಿಗಾಗಿ, ಸ್ಯಾನ್‌ಫ್ರಾನ್ಸಿಸ್ಕೊ ಹೋರಾಟಗಾರರ ಕರೆಗೆ ಓಗೊಟ್ಟು ಸೇರಿದವರಿವರು. ಪೊಲೀಸರು 53 ಮಂದಿಯನ್ನು ಬಂಧಿಸಿದರು. ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾಗಿ ಹಲವರ ನೌಕರಿಯೇ ಹೋಯಿತು. ಈ ಗಾಯವನ್ನು ಮರೆತು ಇಂದಿನ ಸಂಭ್ರಮವನ್ನು ಅಳೆಯಲಾಗದು.

ಅದೇ ಮೆರವಣಿಗೆ ಮುಂದೆ ಮಾರ್ಡಿ ಗ್ರಾ ಉತ್ಸವವಾಯಿತು.

ಕಾನೂನು ಬದಲಾದದ್ದು ನಿಧಾನವಾಗಿ. ಸಿಡ್ನಿ ಇರುವ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸಲಿಂಗಕಾಮ ಅಪರಾಧಮುಕ್ತವಾದದ್ದು 1984ರಲ್ಲಿ. ಸಲಿಂಗ ವಿವಾಹಕ್ಕೆ ಆಸ್ಟ್ರೇಲಿಯಾ ಸಂಸತ್ತು ಸಮ್ಮತಿಸಿದ್ದು 2017ರ ಡಿಸೆಂಬರ್‌ನಲ್ಲಿ.

ಜಾಗತಿಕ ಸಲಿಂಗಿ ಉತ್ಸವವಾದ ವರ್ಲ್ಡ್‌ಪ್ರೈಡ್ ದಕ್ಷಿಣಾರ್ಧಗೋಳದಲ್ಲಿ ಮೊದಲ ಬಾರಿಗೆ 2023ರಲ್ಲಿ ಸಿಡ್ನಿಯಲ್ಲೇ ನಡೆಯಿತು. ಆ ವರ್ಷದ ಮಾರ್ಡಿ ಗ್ರಾದಲ್ಲಿ ಆಂಟನಿ ಆಲ್ಬನೀಸ್ ಹೆಜ್ಜೆ ಹಾಕಿ, ಅಧಿಕಾರದಲ್ಲಿರುವಾಗಲೇ ಅದರಲ್ಲಿ ಪಾಲ್ಗೊಂಡ ಆಸ್ಟ್ರೇಲಿಯಾದ ಮೊದಲ ಪ್ರಧಾನಿಯಾದರು. ವರ್ಲ್ಡ್‌ಪ್ರೈಡ್‌ನ ಭಾಗವಾಗಿ ಮಾರ್ಚ್ 5ರಂದು ಸುಮಾರು 50,000 ಜನ ಹಾರ್ಬರ್ ಸೇತುವೆ ದಾಟಿದರು.