ತೆರೆಯ ಮೇಲಿನ ಪಾಠ

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಹರಳುಗಳಿಗೆ ಸಾಣೆ ಹಿಡಿಯುವ ಕಸಬಿಗೆ ಹೆಸರಾದ ಊರು. ಸಾಣೆಯ ಯಂತ್ರವನ್ನು ಕೊಂಡ ಮಾತ್ರಕ್ಕೆ ಯಾರಿಗೂ ಆ ಕಸಬು ಕೈಗೂಡುವುದಿಲ್ಲ. ಕೋನ ತಪ್ಪಿದಾಗ ಪಕ್ಕದಲ್ಲಿದ್ದು ತಿದ್ದುವವರು ಬೇಕು. ವಿಶ್ವವಿದ್ಯಾನಿಲಯಗಳು ಇಂದು ಅವಲಂಬಿಸುತ್ತಿರುವ ಇ-ಕಲಿಕೆಯ ವಿಚಾರವೂ ಇದಕ್ಕಿಂತ ಬಹಳ ಭಿನ್ನವಲ್ಲ.

ದೂರದಿಂದ ಪಾಠ ಹೇಳುವ ಪ್ರಯತ್ನ ನಮಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. ಹಳ್ಳಿಗರು ನೋಡಬಹುದಾಗಿತ್ತು, ಕೇಳಬಹುದಾಗಿತ್ತು, ಮರುಪ್ರಶ್ನೆ ಹಾಕುವಂತಿರಲಿಲ್ಲ. ಈ ಕೊರತೆಯನ್ನು ನೀಗಲು ಮೂರು ದಶಕಗಳೇ ಬೇಕಾದವು. 2004ರ ಸೆಪ್ಟೆಂಬರ್ 20ರಂದು ಭಾರತವು ಶಿಕ್ಷಣಕ್ಕೆಂದೇ ‘ಎಡುಸ್ಯಾಟ್’ ಉಪಗ್ರಹವನ್ನು ಹಾರಿಸಿತು. ಅದರ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಪಾಲ್ಗೊಂಡಿತು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಮಹನೀಯರ ಹೆಸರನ್ನೇ ಹೊತ್ತ ಸಂಸ್ಥೆಯಿದು. ನುರಿತ ಅಧ್ಯಾಪಕರೊಬ್ಬರ ಪಾಠ ಅನೇಕ ಕಾಲೇಜುಗಳಿಗೆ ಏಕಕಾಲದಲ್ಲಿ ತಲುಪಿತು. ವಿದ್ಯಾರ್ಥಿಯು ಕುಳಿತಲ್ಲಿಂದಲೇ ಪ್ರಶ್ನೆ ಕೇಳಬಹುದಾಯಿತು.

ಹೊಸ ಸಾಧನವನ್ನು ಜನರು ಏಕೆ ಒಪ್ಪುತ್ತಾರೆ? ಇದರಿಂದ ಪ್ರಯೋಜನವಿದೆಯೆಂಬ ನಂಬಿಕೆ, ಇದನ್ನು ಬಳಸುವುದು ಸುಲಭವೆಂಬ ನಂಬಿಕೆ, ಇವೆರಡೇ ಮುಖ್ಯವೆಂದು ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು 1989ರಲ್ಲಿ ಪ್ರತಿಪಾದಿಸಿದರು. ಮಾತು ಸರಿಯೇ. ಆದರೆ ನಂಬಿಕೆ ಹುಟ್ಟುವ ಮೊದಲು ಸಾಧನವು ಕೈಗೆ ಎಟುಕಬೇಕಷ್ಟೆ! 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಗಣಕಯಂತ್ರವಿದ್ದುದು ನೂರಕ್ಕೆ ಸುಮಾರು 4ರಲ್ಲಿ. ಅಂತರಜಾಲ ಸೌಲಭ್ಯವಿದ್ದುದು ಸುಮಾರು 15ರಲ್ಲಿ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಕಾರಣ ಕಾಲೇಜುಗಳು ಮುಚ್ಚಿದಾಗ ಈ ಅಂತರವು ಎದ್ದು ಕಂಡಿತು. ಮನೆಗೊಂದೇ ಮೊಬೈಲ್ ಇದ್ದಲ್ಲಿ ಅದು ದುಡಿಯಲು ಹೊರಟ ತಂದೆಯ ಜೇಬಿನಲ್ಲಿರಬೇಕೋ, ಪಾಠ ಕೇಳಬೇಕಾದ ಮಗಳ ಕೈಯಲ್ಲಿರಬೇಕೋ? ರಾಜ್ಯ ಸರ್ಕಾರವು 2021ರಲ್ಲಿ ಸರ್ಕಾರಿ ಕಾಲೇಜುಗಳಿಗಾಗಿ ಡಿಜಿಟಲ್ ಕಲಿಕಾ ವ್ಯವಸ್ಥೆಯೊಂದನ್ನು ಆರಂಭಿಸಿ, ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಹಂಚಿತು.

ಸಾಧನ ದೊರೆತ ಮೇಲೆ ಭಾಷೆಯ ತೊಡಕು ಎದುರಾಗುತ್ತದೆ. ಅಲೀಪುರದ ಅನೇಕರ ಮನೆಮಾತು ಉರ್ದು. ರಾಜ್ಯದ ಭಾಷೆ ಕನ್ನಡ. ಸುತ್ತಲ ಸೀಮೆಯಲ್ಲಿ ತೆಲುಗೂ ಬಳಕೆಯಲ್ಲಿದೆ. ಆದರೆ ಉನ್ನತ ಶಿಕ್ಷಣದ ಅಂತರಜಾಲ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ.

ಎಲ್ಲಕ್ಕಿಂತ ಮಿಗಿಲಾದುದು ಅಧ್ಯಾಪಕರ ಮನಸ್ಸು. ತರಬೇತಿಯಿಲ್ಲದೆ, ಬಿಡುವಿಲ್ಲದೆ ಹೇರಿದ ಕೆಲಸವನ್ನು ಯಾರು ತಾನೇ ಪ್ರೀತಿಯಿಂದ ಮಾಡಿಯಾರು? ಹಳೆಯ ಟಿಪ್ಪಣಿಯನ್ನೇ ಕಡತವಾಗಿಸಿ ಅಂತರಜಾಲಕ್ಕೆ ಸೇರಿಸಿದರೆ ವಿದ್ಯಾರ್ಥಿಯು ಅದನ್ನು ಒಮ್ಮೆ ತೆರೆದು ಮುಚ್ಚುತ್ತಾನೆ. ಅದೇ ಪಾಠವನ್ನು ಚೆನ್ನಾಗಿ ಧ್ವನಿಮುದ್ರಿಸಿ, ಬಂದ ಸಂದೇಹಗಳಿಗೆ ಅಂದೇ ಉತ್ತರ ಬರೆಯುವ ಅಧ್ಯಾಪಕರಿದ್ದರೆ, ಹಗಲೆಲ್ಲ ಸಾಣೆಯ ಮುಂದೆ ದುಡಿದ ಯುವಕನೂ ರಾತ್ರಿ ತಿಳಿಯದ ಭಾಗವನ್ನು ಎರಡು ಮೂರು ಬಾರಿ ಕೇಳಿ, ಮರುದಿನಕ್ಕೆ ತನ್ನ ಪ್ರಶ್ನೆಯನ್ನು ಬರೆದು ಕಳುಹಿಸಬಲ್ಲನು.