ಹಾಲಿನ ಗಾಡಿಯ ಫ್ಯಾನ್: ಇಂಜಿನ್‌ನದೋ, ಕರೆಂಟಿನದೋ?

ಬೇಸಿಗೆಯಲ್ಲಿ ಹಾಲು ಸಂಗ್ರಹದ ಪಿಕಪ್ ಗಾಡಿ ಇಂಜಿನ್ ಕಾದು ದಾರಿಯಲ್ಲಿ ನಿಂತರೆ ನಷ್ಟ ಮಾಲೀಕರಿಗೆ ಮಾತ್ರವಲ್ಲ. ಕ್ಯಾನಿನ ಹಾಲನ್ನು ಬೇಗ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಬೇಕು. ತಡವಾದಷ್ಟೂ ಬ್ಯಾಕ್ಟೀರಿಯಾ ಹೆಚ್ಚಿ ಹಾಲು ಹುಳಿಯಾಗುತ್ತದೆ. ಆ ಮಾರ್ಗದ ಎಲ್ಲ ಉತ್ಪಾದಕರ ಶ್ರಮ ವ್ಯರ್ಥ. ಆದ್ದರಿಂದ ಗಾಡಿ ಇಟ್ಟುಕೊಂಡಿರುವ ರೈತ ಬಾಂಧವರು ರೇಡಿಯೇಟರ್ ಫ್ಯಾನ್ ಬಗ್ಗೆ ತಿಳಿದಿರಬೇಕು.

ಇಂಜಿನ್‌ನಿಂದ ತಿರುಗುವ ಫ್ಯಾನ್

ಇದನ್ನು ಸಾಮಾನ್ಯವಾಗಿ ಬೆಲ್ಟ್ ತಿರುಗಿಸುತ್ತದೆ. ಹಲವು ಗಾಡಿಗಳಲ್ಲಿ ಸಿಲಿಕೋನ್ ಎಣ್ಣೆಯ ಕ್ಲಚ್ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಕ್ಲಚ್ ಹಿಡಿಯುತ್ತದೆ, ತಂಪಾದಾಗ ಸಡಿಲವಾಗುತ್ತದೆ. ಭಾರ ಹೊತ್ತು ಸಣ್ಣ ಗೇರಿನಲ್ಲಿ ಏರು ಹತ್ತುವಾಗ ಇಂಜಿನ್ ವೇಗವಾಗಿ ತಿರುಗುವುದರಿಂದ ಗಾಳಿ ಹೇರಳ. ಸಂಘದ ಮುಂದೆ ಇಂಜಿನ್ ಆರಿಸದೆ ನಿಂತಾಗ ಗಾಳಿ ಕಡಿಮೆ. ಫ್ಯಾನ್ ವೇಗ ಎರಡು ಪಟ್ಟಾದರೆ ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟು. ಹೀಗಾಗಿ ಕ್ಲಚ್ ಸದಾ ಹಿಡಿದುಕೊಂಡೇ ಇದ್ದರೆ ಡೀಸೆಲ್ ಪೋಲು.

ಎಲೆಕ್ಟ್ರಿಕ್ ಫ್ಯಾನ್

ಇದು ಬೇಕಾದಾಗ ಮಾತ್ರ ತಿರುಗುತ್ತದೆ. ನಿಂತ ಗಾಡಿಯಲ್ಲೂ ಪೂರ್ಣ ಗಾಳಿ ಕೊಡುತ್ತದೆ. ಆದರೆ 300 ವ್ಯಾಟ್‌ನ ಮೋಟಾರು 12 ವೋಲ್ಟ್‌ನಲ್ಲಿ 25 ಆಂಪಿಯರ್ ಎಳೆಯುತ್ತದೆ. ಫ್ಯೂಸ್, ರಿಲೇ, ವೈರಿಂಗ್ ಇವುಗಳಲ್ಲಿ ಒಂದು ಕೆಟ್ಟರೂ ಫ್ಯಾನ್ ನಿಲ್ಲುತ್ತದೆ.

ಬದಲಾಯಿಸಬಹುದೇ?

ಮೈಲೇಜ್ ಆಸೆಗೆ ಕಂಪನಿಯ ಫ್ಯಾನ್ ತೆಗೆದು ಚಿಕ್ಕ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಬೇಡಿ. ಖಾಲಿ ಗಾಡಿಗೆ ಅದು ಸಾಕೆನಿಸಬಹುದು. ತುಂಬಿದ ಕ್ಯಾನುಗಳೊಂದಿಗೆ ಏರು ಹತ್ತುವಾಗ ಸಾಲದೆ ಹೋಗಬಹುದು.

ನೀವೇ ಮಾಡಬಹುದಾದ ಪರೀಕ್ಷೆ

1. ಇಂಜಿನ್ ತಣ್ಣಗಿದ್ದು ಆರಿರುವಾಗ ಕ್ಲಚ್ ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿ ಇರಬೇಕು. ತಡೆಯಿಲ್ಲದೆ ಹಲವು ಸುತ್ತು ತಿರುಗಿದರೆ, ಅಥವಾ ಕ್ಲಚ್ ಸುತ್ತ ಎಣ್ಣೆ ಜಿನುಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

2. ಎಲೆಕ್ಟ್ರಿಕ್ ಫ್ಯಾನ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕೀ ತೆಗೆದಿದ್ದರೂ ಅದು ತಿರುಗಬಹುದು.

3. ಮೇವು ಸಾಗಿಸುವ ಗಾಡಿಯ ರೇಡಿಯೇಟರಿನಲ್ಲಿ ಹೊಟ್ಟು, ಹುಲ್ಲಿನ ಚೂರು ಸಿಕ್ಕಿಕೊಳ್ಳುತ್ತವೆ. ಇಂಜಿನ್ ತಣ್ಣಗಾದ ಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಯಾವ ಫ್ಯಾನೂ ಉಪಯೋಗಕ್ಕೆ ಬಾರದು.

4. ಬೆಲ್ಟಿನ ಬಿಗಿ, ಕೂಲೆಂಟ್ ಮಟ್ಟ ವಾರಕ್ಕೊಮ್ಮೆ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಮೀಟರಿನ ಮುಳ್ಳು ಕೆಂಪು ಗೆರೆಗೆ ಬಂದರೆ ಗಾಡಿ ನಿಲ್ಲಿಸಿ, ಮೊದಲು ಸಂಘಕ್ಕೆ ಫೋನ್ ಮಾಡಿ. ಬೇರೆ ಗಾಡಿ ಬಂದರೆ ಹಾಲು ಉಳಿಯುತ್ತದೆ.