ಮನೆಯ ಅಂತರ್ಜಾಲ ಕಡಿದಾಗ

ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಮನೆಗಳಲ್ಲಿ ಅಂತರ್ಜಾಲ ಆಗಾಗ ಕಡಿಯುವುದುಂಟು. ಪ್ರವೇಶದ ಅರ್ಜಿ ತುಂಬಲು ಅಂದೇ ಕೊನೆಯ ದಿನವಾದರೆ ಹೆತ್ತವರೂ ಮಕ್ಕಳೂ ಕಂಗಾಲು. ಕೆಲವರು ಅವಸರದಲ್ಲಿ ಹೊಸ ರೂಟರನ್ನೇ ತರುತ್ತಾರೆ. ದುಡ್ಡು ಕಳೆಯುವ ಮೊದಲು, ಕಡಿದದ್ದು ಮನೆಯೊಳಗೋ ಹೊರಗೋ ಎಂಬುದನ್ನು ತಿಳಿಯೋಣ.

ಫೈಬರ್ ಸಂಪರ್ಕವಿರುವಲ್ಲಿ ಪೆಟ್ಟಿಗೆಯ ದೀಪಗಳೇ ಇದನ್ನು ಹೇಳುತ್ತವೆ. ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿದ್ದರೆ ಹೊರಗಿನ ಸಂಕೇತ ಒಳಗೆ ಬರುತ್ತಿಲ್ಲವೆಂದು ಅರ್ಥ. ಈ ಕೇಬಲಿನ ಗಾಜಿನೆಳೆಯಲ್ಲಿ ಹರಿಯುವುದು ಬೆಳಕು. ಎಳೆಯನ್ನು ಬಿಗಿಯಾಗಿ ಮಡಚಿದರೆ ಅದು ಸೋರಿಹೋಗುತ್ತದೆ. ಕಪಾಟಿನ ಹಿಂದೆ ಮಡಚಿ ಸಿಕ್ಕಿಕೊಂಡಿದ್ದರೆ ಮೆಲ್ಲನೆ ಸಡಿಲಿಸಬೇಕು. (ತುದಿ ಕಳಚಿ ಅದರೊಳಗೆ ಇಣುಕಬಾರದು; ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಅಪಾಯ.) ಆಮೇಲೂ ಕೆಂಪೇ ಇದ್ದರೆ ದಾರಿಯಲ್ಲಿ ಮರ ಬಿದ್ದು ಕೇಬಲು ತುಂಡಾಗಿರಬಹುದು. ರೂಟರು ನಿರಪರಾಧಿ, ಸಂಪರ್ಕ ಕೊಟ್ಟವರಿಗೆ ಫೋನು ಮಾಡಬೇಕು.

ದೀಪ ಸರಿಯಿದ್ದರೆ ರೂಟರನ್ನು ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕೋಣ. ಒಂದೇ ಕೋಣೆಯಲ್ಲಿ ಕಡಿಯುವುದಾದರೆ 5 ಗಿಗಾಹರ್ಟ್ಸ್ ಬಿಟ್ಟು 2.4ನ್ನು ಆರಿಸೋಣ, ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆಗಳನ್ನು ಅದು ಹೆಚ್ಚು ಚೆನ್ನಾಗಿ ದಾಟುತ್ತದೆ. ಹಿಂಬದಿಯ ಸಣ್ಣ ತೂತಿಗೆ ಕಡ್ಡಿ ತೂರಿಸುವ ಉತ್ಸಾಹ ಮಾತ್ರ ಬೇಡ: ಪಾಸ್‌ವರ್ಡು ಸಹಿತ ಎಲ್ಲ ಜೋಡಣೆಯೂ ಅಳಿಸಿಹೋಗುತ್ತದೆ.